ಚಿತ್ರದ ಕೆಳಗಿನ ಒಂದು ಸಾಲು

ಕಳೆದ ತಿಂಗಳು ನನ್ನ ಮೇಜಿಗೆ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದು ಬಂತು. ತಂದುಕೊಟ್ಟವರು ನಮ್ಮ ಪತ್ರಿಕೆಯಲ್ಲಿ ಫೋಟೋಗ್ರಾಫರ್ ಆಗಿದ್ದ, ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದವರ ಮಗ. ಮುಚ್ಚಳ ಬಿಗಿಯಾಗಿತ್ತು, ಚಮಚದ ಹಿಡಿಯಿಂದ ಮೀಟಿ ತೆಗೆದೆ. ಹುಳಿ ವಾಸನೆ ಮೂಗಿಗೆ ಬಡಿಯಿತು. ಫೋಟೋ ತೊಳೆಯುವ ಕತ್ತಲೆ ಕೋಣೆಯ ವಾಸನೆ... ಟಿಳಕವಾಡಿಯ ನಮ್ಮ ಕಚೇರಿಯಲ್ಲಿ ಆ ಕೋಣೆ ಈಗ ಇಲ್ಲ. ಅಲ್ಲಿ ಕುಡಿಯುವ ನೀರಿನ ಯಂತ್ರ ಮತ್ತು ಮುರಿದ ಕುರ್ಚಿಗಳಿವೆ.

ಆಗ ಮೂರನೇ ಪುಟದ ಕೆಳಗೆ ದಿನವೂ ಊರಿನ ಒಂದು ಚಿತ್ರ ಹಾಕುತ್ತಿದ್ದೆವು. ಸುದ್ದಿಗೂ ಅದಕ್ಕೂ ಸಂಬಂಧವಿರಲಿಲ್ಲ. ಖಾಸಬಾಗದಲ್ಲಿ ಮಗ್ಗದಿಂದ ಇಳಿಸಿದ ಸೀರೆ ಮಡಚುವ ಹೆಂಗಸು, ಖಾನಾಪುರದ ಕುಂಬಾರರ ಅಂಗಳದಲ್ಲಿ ಹಸಿ ಮಡಕೆಗಳ ನಡುವೆ ಕಾಲಿಡಲು ಜಾಗ ಹುಡುಕುವ ಅಜ್ಜಿ, ಕೋಟೆಯ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ ಹಾಲಿನ ಕ್ಯಾನಿಗೆ ಹಗ್ಗ ಬಿಗಿಯುವವನು. ಕೋಟೆಯನ್ನು ಬರಿದೇ ಕೋಟೆಯಾಗಿ ಚಾಚಾ ಎಂದೂ ತೆಗೆಯಲಿಲ್ಲ. ಯಾರಾದರೂ ಹಾದುಹೋಗುವವರೆಗೆ ಕಾಯುತ್ತಿದ್ದರು. ನಿಲ್ಲಿ, ಈ ಕಡೆ ನೋಡಿ ಎಂದು ಯಾರಿಗೂ ಹೇಳುತ್ತಿರಲಿಲ್ಲ. ತೆಗೆದಾದ ಮೇಲೆ ಹತ್ತಿರ ಹೋಗಿ, ತಂದೆಯ ಹೆಸರು ಸಮೇತ ಪೂರ್ತಿ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರು. ಪ್ರಿಂಟಿನ ಬೆನ್ನಿಗೆ ಪೆನ್ಸಿಲಿನಲ್ಲಿ ಹೆಸರು, ಹೊತ್ತು ಮತ್ತು ತಾವು ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು ಎಂಬುದು ಇರುತ್ತಿತ್ತು.

ತಮ್ಮ ಹೆಸರನ್ನು ಮಾತ್ರ ಅಚ್ಚಾಗಲು ಬಿಡಲಿಲ್ಲ. ಕೇಳಿದರೆ ಹೇಳುತ್ತಿದ್ದರು: "ಕೆಳಗ ಜಾಗಾ ಇರೂದು ಒಂದ ಸಾಲು. ಅದು ಫೋಟೋದಾಗ ಇದ್ದವರದು."

ನಾನು ಕೆಲಸಕ್ಕೆ ಸೇರಿದ ಮೊದಲ ಮಳೆಗಾಲ. ಉದ್ಯಮಬಾಗದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಚಾಚಾ ಮತ್ತು ನಾನು ಬಸ್ ಸ್ಟಾಪಿನ ಎದುರು ನಿಂತಿದ್ದೆವು. ಜೋರು ಮಳೆ. ಫೌಂಡ್ರಿಯ ಕರಿ ಮೆತ್ತಿದ ಮುಖದ ಒಬ್ಬ ಕೆಲಸಗಾರ, ಎದೆಗೆ ಹೊಸ ಶಾಲಾ ಚೀಲ ಅವುಚಿಕೊಂಡು ನಿಂತಿದ್ದ. ಇದ್ದ ಒಂದೇ ಪ್ಲಾಸ್ಟಿಕ್ ಹಾಳೆಯನ್ನು ಚೀಲಕ್ಕೆ ಹೊದಿಸಿ ತಾನು ತೊಯ್ಯುತ್ತಿದ್ದ. ಚಾಚಾ ಒಂದೇ ಸಲ ಕ್ಲಿಕ್ಕಿಸಿದರು. ಕ್ಯಾಮೆರಾ ಒರೆಸುತ್ತ ನನಗೆ ಹೇಳಿದರು: "ತಮ್ಮಾ, ಬಸ್ ಬರೂದ್ರಾಗ ಹೆಸರ ಕೇಳಿ ಬಾ."

ನಾನು ಚಹಾ ಅಂಗಡಿಯ ತಗಡಿನ ಕೆಳಗಿದ್ದೆ. ಕೈಯಲ್ಲಿ ಬಿಸಿ ಚಹಾ ಇತ್ತು. ಚಾಚಾ ರೋಲ್ ಬದಲಿಸಲು ಪಕ್ಕದ ಅಂಗಡಿಯ ಒಳಗೆ ಹೋದರು. ಮುಗಿಸಿ ಹೋದರಾಯಿತು ಅಂದುಕೊಂಡೆ... ಅಷ್ಟರಲ್ಲಿ ಖಾನಾಪುರದ ಬಸ್ ಬಂದು ಅವನನ್ನು ಹತ್ತಿಸಿಕೊಂಡು ಹೋಯಿತು. ಚಹಾದವನನ್ನು ಕೇಳಿದೆ. ಅವನು ಒಂದು ಹೆಸರು ಹೇಳಿದ. ಅದನ್ನೇ ಬರೆದುಕೊಟ್ಟೆ, ಆ ಕೆಲಸಗಾರನ ಬಾಯಿಂದಲೇ ಕೇಳಿದೆ ಎಂದು ಚಾಚಾಗೆ ಹೇಳಿದೆ.

ಚಿತ್ರ ಅಚ್ಚಾದ ಮರುದಿನ ಆ ಕೆಲಸಗಾರ ಕಚೇರಿಗೆ ಬಂದ. ಪತ್ರಿಕೆಯನ್ನು ಬನಿಯನ್ನಿನ ಒಳಗೆ ಮಡಚಿಟ್ಟುಕೊಂಡಿದ್ದ. ಚಾಚಾ ಕುರ್ಚಿ ಎಳೆದು ಕೊಟ್ಟರು.

"ಕುಂದರೂದಿಲ್ರಿ, ಡ್ಯೂಟಿ ಐತಿ," ಅಂದ. "ಫೋಟೋ ಛಲೋ ಬಂದೈತ್ರಿ. ಮಗಳು ಸಾಲಿಗೆ ಒಯ್ದಿದ್ಲು, ನಮ್ಮಪ್ಪ ಪೇಪರ್‌ನ್ಯಾಗ ಬಂದಾನಂತ. ಹುಡುಗೂರು ಕೆಳಗಿನ ಹೆಸರ ಓದಿ, ಇಂವ ನಿಮ್ಮಪ್ಪ ಅಲ್ಲ, ಸುಳ್ಳ ಹೇಳತಿ ಅಂದ್ರಂತ. ಇವತ್ತ ಸಾಲಿಗೆ ಹೋಗಿಲ್ರಿ. ಚೀಲಾನ ಮುಟ್ಟವಲ್ಲಳು."

ಚಾಚಾ ನನ್ನ ಕಡೆ ತಿರುಗಿದರು. "ನೀ ಇವರನ್ನ ಕೇಳಿದ್ದೇನು?"

"ಇಲ್ಲ," ಅಂದೆ.

ಅವರು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ನನ್ನ ಕೈಗಿಟ್ಟರು. "ಈಗ ಕೇಳು."

ಕೇಳಿದೆ. ಅವನು ನಿಧಾನವಾಗಿ, ತಂದೆಯ ಹೆಸರು ಸೇರಿಸಿ ಹೇಳಿದ. ಬರೆದುಕೊಂಡೆ.

ಮರುದಿನ ಒಂದು ಸಾಲಿನ ತಿದ್ದುಪಡಿ ಹಾಕುವುದು ಪತ್ರಿಕೆಯ ರೂಢಿ. ಸಂಪಾದಕರೂ ಅದನ್ನೇ ಹೇಳಿದರು. ಚಾಚಾ ಒಪ್ಪಲಿಲ್ಲ. "ತಿದ್ದುಪಡಿ ತುಗೊಂಡು ಆ ಹುಡುಗಿ ಏನ ಮಾಡ್ಬೇಕ್ರಿ ಸಾಹೇಬ್ರ? ಫೋಟೋ ಬೇಕು, ಅದರ ಕೆಳಗ ಅವರಪ್ಪನ ಹೆಸರ ಬೇಕು."

"ಒಂದ ಫೋಟೋ ಎರಡ ಸಲ ಹಾಕಿದ್ರ ಮಂದಿ ನಗತಾರ, ಚಾಚಾ. ಹೊಸಾ ಫೋಟೋ ಸಿಗವಲ್ದೇನು ಅಂತಾರ."

"ನಗಲಿ. ಆ ಹುಡುಗಿಗೆ ನಕ್ಕಾರಲ್ಲ, ಹಂಗ ನಮಗೂ ನಗಲಿ."

ಸಂಪಾದಕರು ಆಗದು ಎಂದು ತಲೆಯಾಡಿಸಿದರು. ಚಾಚಾ ಹೆಗಲಿನಿಂದ ಕ್ಯಾಮೆರಾದ ಚೀಲ ಇಳಿಸಿ ಅವರ ಮೇಜಿನ ಮೇಲಿಟ್ಟರು. ಕ್ಯಾಮೆರಾ ಕಚೇರಿಯದು, ಅದನ್ನು ಬಿಟ್ಟರೆ ಅವರಿಗೆ ಬೇರೆ ಕೆಲಸ ಇರಲಿಲ್ಲ. "ಹೆಸರ ಬರೂತನಕ ಇದು ನಿಮ್ಮ ಕಡೆ ಇರಲ್ರಿ," ಎಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತರು. ಸಂಜೆ ಪುಟ ಕಟ್ಟುವ ಹೊತ್ತಿನವರೆಗೂ ಆ ಚೀಲ ಅಲ್ಲೇ ಇತ್ತು. ಸಂಪಾದಕರು ಅದನ್ನು ಆಚೆ ಸರಿಸಿ ಈಚೆ ಸರಿಸಿ, ಕೊನೆಗೆ ಎದ್ದು ತಾವೇ ಹೊರಗೆ ತಂದುಕೊಟ್ಟರು. ಮರುದಿನ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಅದೇ ಚಿತ್ರ ಬಂತು. ಹೆಸರು ಮಾತ್ರ ಸರಿಯಾದದ್ದು. ನಾನು ಕಂಡಂತೆ ನಮ್ಮ ಪತ್ರಿಕೆಯಲ್ಲಿ ಹಾಗಾದದ್ದು ಅದೊಂದೇ ಸಲ.

ಅಂದೇ ಬೆಳಗಿನ ಬಸ್ಸಿಗೆ ಚಾಚಾ ನನ್ನನ್ನು ಖಾನಾಪುರಕ್ಕೆ ಕರೆದೊಯ್ದರು. ಹಿಂದಿನ ಸಂಜೆಯೇ ಅವಳ ಅಪ್ಪನಿಗೆ ಸುದ್ದಿ ಮುಟ್ಟಿಸಿದ್ದೆವು, ಅವನು ಹೇಳಿ ಕಳಿಸಿದ್ದರಿಂದ ಹುಡುಗಿ ಶಾಲೆಗೆ ಬಂದಿದ್ದಳು. ಮಾಸ್ತರರು ತರಗತಿಯ ಮುಂದೆ ಹೆಸರನ್ನು ಗಟ್ಟಿಯಾಗಿ ಓದಿದರು. ಅವಳು ಪತ್ರಿಕೆ ಇಸಕೊಂಡು, ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ತಾನೂ ಒಮ್ಮೆ ಓದಿಕೊಂಡಳು. ಆಮೇಲೆ ಚಾಚಾ ಕಡೆ ಕೈ ಚಾಚಿದಳು. "ಇನ್ನೊಂದ ಕೊಡ್ರಿ. ಇದು ಸಾಲಿಗೆ. ಮನಿಗೆ ಬ್ಯಾರೆ ಬೇಕು."

ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಶಾಲೆಯ ಅಂಗಳದಲ್ಲಿ ಚಾಚಾ ಅವಳ ಚಿತ್ರ ತೆಗೆದರು.

ಡಬ್ಬಿಯಲ್ಲಿ ಆ ಚಿತ್ರ ಸಿಕ್ಕಿತು. ಬೆನ್ನಿಗೆ ಹುಡುಗಿಯ ಪೂರ್ತಿ ಹೆಸರು, ಬೆಳಗಿನ ಹೊತ್ತು, ಪಶ್ಚಿಮಕ್ಕೆ ಮುಖ ಎಂಬ ಟಿಪ್ಪಣಿ. ತಿರುಗಿಸಿದಾಗ ಅಲ್ಲಿಯವರೆಗೆ ಗಮನಿಸದ ಒಂದು ಸಂಗತಿ ಕಂಡಿತು. ಹುಡುಗಿಯ ಕಾಲ ಬಳಿ ಒಂದು ಉದ್ದನೆಯ ನೆರಳು, ಮೊಣಕೈ ಎತ್ತಿ ಕ್ಯಾಮೆರಾ ಹಿಡಿದದ್ದು. ತಮ್ಮ ನೆರಳು ಚೌಕಟ್ಟಿನೊಳಗೆ ಬೀಳದಂತೆ ಜೀವನಪೂರ್ತಿ ಎಚ್ಚರ ವಹಿಸಿದವರು ಅಂದು ಮರೆತಿದ್ದರು. ಆ ಡಬ್ಬಿಯ ಅಷ್ಟೂ ಚಿತ್ರಗಳಲ್ಲಿ ಅವರಿರುವುದು ಅಲ್ಲಿ ಮಾತ್ರ.

ಅವರು ತೀರಿಕೊಂಡು ವರ್ಷಗಳಾದವು. ಚಿತ್ರದಲ್ಲಿದ್ದವರ ಹೆಸರು ಕೇಳೋಣವೆಂದರೆ ಅವರಿಲ್ಲ. ಮಗನಿಗೆ ಫೋನ್ ಮಾಡಿ, ಅಪ್ಪನ ಪೂರ್ತಿ ಹೆಸರು ಹೇಳಿರಿ ಅಂದೆ.

ಅವರು ನಕ್ಕರು. "ಇಷ್ಟ ವರ್ಷ ಕೂಡೇ ಕೆಲಸ ಮಾಡೀರಿ, ಗೊತ್ತಿಲ್ಲೇನ್ರಿ?"

"ಗೊತ್ತೈತ್ರಿ," ಅಂದೆ. "ಆದ್ರೂ ಕೇಳಿ ಬರೀಬೇಕು."

ಅವರು ಹೇಳಿದರು, ತಂದೆಯ ಹೆಸರು ಸಮೇತ. ಅದನ್ನು ಇಲ್ಲಿ ಅಚ್ಚು ಮಾಡಲು ಚಾಚಾ ಒಪ್ಪುತ್ತಿರಲಿಲ್ಲ. ಚಿತ್ರದ ಬೆನ್ನಿಗೆ, ಹುಡುಗಿಯ ಹೆಸರಿನ ಕೆಳಗೆ, ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.