ಎರಡು ಜೋಳದ ಕಾಳಿನಷ್ಟು ಒಳಗೆ

ಆ ರಸ್ತೆ ನನ್ನ ನೆನಪಿನಲ್ಲಿ ಯಾವಾಗಲೂ ಇಳಿಜಾರು. ಕೊಪ್ಪಳದಿಂದ ಯಲಬುರ್ಗಿಗೆ ಹೋಗುವಾಗಲೂ ಇಳಿಜಾರು, ತಿರುಗಿ ಬರುವಾಗಲೂ ಇಳಿಜಾರು. ಹಾಗಿರಲು ಸಾಧ್ಯವಿಲ್ಲ. ನೆನಪನ್ನು ತಿದ್ದಲು ಕೂತರೆ ಅದು ಇನ್ನಷ್ಟು ಸುಳ್ಳಾಗುತ್ತದೆ, ಅದಕ್ಕೇ ಇದ್ದ ಹಾಗೆ ಬಿಡುತ್ತೇನೆ.

ಎರಡನೆಯ ದೊಡ್ಡ ಯುದ್ಧದ ವರ್ಷಗಳು. ನಾನು ಕೊಪ್ಪಳದ ಸಾಹುಕಾರರೊಬ್ಬರ ಕಾರಿನ ಡ್ರೈವರ್. ಕಾರು ಹಳೆಯದು, ಬ್ರೇಕು ಹಿಂದಿನ ಗಾಲಿಗಳಿಗೆ ಮಾತ್ರ. ಒಂದು ದಿನ ಎಮ್ಮೆಗಳು ಅಡ್ಡ ಬಂದಾಗ ಅದು ನಿಲ್ಲದೆ ಹೊಲಕ್ಕೆ ನುಗ್ಗಿತು. ಹಿಂದೆ ಕೂತಿದ್ದ ಸಾಹುಕಾರರ ತಾಯಿಯ ಹಲ್ಲು ಮುರಿಯಿತು. ಅಂದಿನಿಂದ ಅವರು ಕಾರು ಹತ್ತಲಿಲ್ಲ. ಕಾರು ಇದ್ದದ್ದೇ ಅವರು ಯಲಬುರ್ಗಿಯ ಮಗಳ ಮನೆಗೆ ಹೋಗಿಬರಲಿಕ್ಕೆ.

"ಅವ್ವ ಕೂಡ್ಲಿಲ್ಲಂದ್ರ ಇದನ್ನ ಮಾರಿಬಿಡ್ತೀನಿ. ನೀ ಬ್ಯಾರೆ ಕಡೆ ನೋಡ್ಕೊ," ಎಂದರು ಸಾಹುಕಾರರು.

ಬೇರೆ ಕಡೆ ಎಲ್ಲಿತ್ತು? ಆ ಸೀಮೆಯಲ್ಲಿದ್ದ ಕಾರುಗಳು ಬೆರಳೆಣಿಕೆಯಷ್ಟು.

ಮುಂದಿನ ಗಾಲಿಗಳಿಗೂ ಬ್ರೇಕು ಇರಲೆಂದು, ಗಂಗಾವತಿಯಲ್ಲಿ ಕೆಟ್ಟು ಬಿದ್ದಿದ್ದ, ನಮ್ಮದಕ್ಕಿಂತ ಹೊಸದಾದ ಕಾರಿನ ಮುಂದಿನ ಅಚ್ಚನ್ನು ಬ್ರೇಕುಗಳ ಸಮೇತ ಎತ್ತಿನ ಗಾಡಿಯಲ್ಲಿ ತರಿಸಿದೆವು. ಅದನ್ನು ಕೂರಿಸಲು ಓಣಿಯ ಬಡಿಗನನ್ನು ಕರೆದೆ. ಎತ್ತಿನ ಗಾಡಿ ಮಾಡುವುದರಲ್ಲಿ ಅವನದು ಪಳಗಿದ ಕೈ. ಮುಂದಿನ ಗಾಲಿಗಳ ನಡುವೆ ಬಿದಿರುಕೋಲು ಹಿಡಿದು, ಅವುಗಳ ಮುಂದಿನ ಅಂಚಿನಲ್ಲೂ ಹಿಂದಿನ ಅಂಚಿನಲ್ಲೂ ಅಂತರ ಒಂದೇ ಬರುವಂತೆ ಮಾಡಿದ. ಕೂದಲೆಳೆಯಷ್ಟೂ ಫರಕಿರಲಿಲ್ಲ.

ಕಾರು ನೆಟ್ಟಗೆ ಓಡಿತು. ಬ್ರೇಕು ಒತ್ತಿದರೆ ಮಾತ್ರ ನಿದ್ದೆಯಲ್ಲಿ ನಡೆಯುವವರಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿಯುತ್ತಿತ್ತು. ಬಿಳಿ ಧೂಳು ಏಳುತ್ತಿತ್ತು. ಧೂಳಿನಾಚೆ ಕೋಟೆಯ ಗುಡ್ಡ ತೇಲುತ್ತಿತ್ತು; ಸರಿಯುತ್ತಿರುವುದು ಗುಡ್ಡವೋ ನಾನೋ ತಿಳಿಯುತ್ತಿರಲಿಲ್ಲ.

"ಅಲ್ಲೋ ಡ್ರೈವರ್ ಸಾಹೇಬ, ನಾ ಮಾಡಿದ ಗಾಡಿ ಒಂದರ ಸೊಟ್ಟ ಹೋಗೇತೇನು? ಗಾಲಿ ನೆಟ್ಟಗ ಅದಾವ. ನಿನ್ನ ಕೈನ ಸೊಟ್ಟ ಐತಿ," ಎಂದ ಬಡಿಗ.

"ಹಂಗಾರ ನೀವ ಓಡಿಸಿ ಬ್ರೇಕ್ ಒತ್ತಿ ನೋಡ್ರಿ ಕಾಕಾ."

"ಒಲ್ಲೆಪಾ. ನನಗ ಇನ್ನೂ ಹಲ್ಲು ಅದಾವ."

ಆದರೂ ಅವನಿಗೆ ಸಮಾಧಾನವಿರಲಿಲ್ಲ. ಕೋಲನ್ನು ಗಾಲಿಗಳ ಮುಂದಿನ ಅಂಚುಗಳ ನಡುವೆ ಬಿಗಿಯಾಗಿ ಸಿಕ್ಕಿಸಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ನಾನು ಬ್ರೇಕು ಒತ್ತಿ ಹಿಡಿದೆ. ಇಬ್ಬರು ಹಮಾಲರು ಹಿಂದಿನಿಂದ ಕಾರನ್ನು ನೂಕಿದರು. ಮಧ್ಯಾಹ್ನದ ಮೌನದಲ್ಲಿ ಕೋಲು ಟಕ್ಕೆಂದು ನೆಲಕ್ಕೆ ಬಿತ್ತು.

"ಏ, ಮುಂದ ಬಾಯಿ ತೆರೀತಾವಲೇ ಇವು!" ಬಡಿಗ ಕೋಲನ್ನೇ ನೋಡುತ್ತಿದ್ದ. "ಎತ್ತಿನ ಗಾಡಿ ಗಾಲೀನ ಯಾರೂ ಹಿಡಿಯಂಗಿಲ್ಲ. ಇಲ್ಲಿ ಬ್ರೇಕು ಗಾಲೀನ ಹಿಡೀತೈತಿ. ಹಿಡದ ಕೂಡ್ಲೆ ಅಗಲ ಆಗ್ತಾವ. ಮೊದಲ ಒಂಚೂರು ಒಳಗ ಮಾರಿ ಮಾಡಿಸಿ ಇಟ್ರ, ಹಿಡದಾಗ ನೆಟ್ಟಗ ಆಗ್ತಾವ."

ಕೋಲಿನ ತುದಿಯನ್ನು ಕೆತ್ತಿ ಗಿಡ್ಡ ಮಾಡಿದ. ಮುಂದಿನ ಅಂಚುಗಳು ಅದಕ್ಕೆ ತಾಗುವವರೆಗೆ, ಎರಡೂ ಗಾಲಿಗಳನ್ನು ಜೋಡಿಸುವ ಅಡ್ಡ ಸರಳಿನ ತಿರುಪನ್ನು ನಾನು ತಿರುಗಿಸಿದೆ. ಎಷ್ಟು ಒಳಗೆ? ಎರಡು ಜೋಳದ ಕಾಳಿನಷ್ಟು ಎಂದು ಅವನು ಕಾಳುಗಳನ್ನೇ ಅಂಗೈಯಲ್ಲಿಟ್ಟು ತೋರಿಸಿದ. ಈಗ ನೆನೆದರೆ ಆ ಅಂಗೈಯಲ್ಲಿ ಕೆಲವೊಮ್ಮೆ ಮೂರು ಕಾಳು ಕಾಣುತ್ತವೆ.

ಮರುದಿನ ಬೆಳಿಗ್ಗೆ ಮಗ ಕೈಹಿಡಿದು ಕೇಳಿಕೊಂಡ ಮೇಲೆ ಅವ್ವ ಕಾರು ಹತ್ತಿದರು. "ಲೇ ತಮ್ಮಾ, ಇನ್ನೊಂದು ಹಲ್ಲು ಕೇಳಬ್ಯಾಡ," ಎಂದು ನನಗೆ ಹೇಳಿದರು.

ದಾರಿಯಲ್ಲಿ ಮತ್ತೆ ಎಮ್ಮೆಗಳು ಅಡ್ಡ ಬಂದವೆಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಬರಲಿಲ್ಲ. ಎದುರಿಗೆ ಏನೂ ಇಲ್ಲದ ಕಡೆ, ನನಗೇ ತಡೆಯಲಾಗದೆ, ಬ್ರೇಕು ಒತ್ತಿದೆ. ಕಾರು ದಾರಿಯ ನಟ್ಟನಡುವೆ, ನೆಟ್ಟಗೆ ನಿಂತಿತು. ಅವ್ವ ನಿದ್ದೆಯಲ್ಲಿದ್ದರು ಎಂದೂ ಹೇಳುತ್ತ ಬಂದಿದ್ದೇನೆ. ಕಣ್ಣುಗಳೇನೋ ಮುಚ್ಚಿದ್ದವು. ಬೆರಳುಗಳು ಬಾಗಿಲನ್ನು ಬಿಗಿಯಾಗಿ ಹಿಡಿದಿದ್ದವು.

ಧೂಳು ನಮ್ಮನ್ನು ದಾಟಿ ಮುಂದೆ ಹೋಯಿತು.

"ಯಾಕ ನಿಂತಿ?"

"ನೋಡಾಕ, ಅವ್ವಾರ."

"ನೋಡಿದ್ಯಲ್ಲ. ನಡಿ. ಮಗಳು ಅಡಗಿ ಮಾಡಿ ಕುಂತಿರ್ತಾಳ." ಬೆರಳುಗಳು ಒಂದೊಂದಾಗಿ ಬಾಗಿಲನ್ನು ಬಿಟ್ಟವು. "ನಾಳೆ ಸಂಜಿಗೆ ಹೊಳ್ಳಿ ಹೋಗೂದೈತಿ. ಎಲ್ಲೂ ಹೋಗಬ್ಯಾಡ, ಮನಿ ಮುಂದನ ಇರು."