ಲವಂಗ ಚುಚ್ಚಿದ ನಿಂಬೆಹಣ್ಣು

ದೆವ್ವ, ಭೂತ, ಮೈಮೇಲೆ ಬರುವುದು, ಇದ್ಯಾವುದನ್ನೂ ನಾನು ನಂಬಿದವಳಲ್ಲ. ಯಾರಾದರೂ ಅಂಥ ಕತೆ ಶುರುಮಾಡಿದರೆ ನನಗೆ ಹೆದರಿಕೆಗಿಂತ ಮೊದಲು ಕಿರಿಕಿರಿಯಾಗುತ್ತದೆ. ಅದಕ್ಕಿಂತ ಹೆಚ್ಚಿನ ಕಿರಿಕಿರಿ ಕ್ಷಮೆ ಕೇಳುವವರನ್ನು ಕಂಡರೆ. ಮಾಡುವುದನ್ನೆಲ್ಲ ಮಾಡಿ, ಆಮೇಲೆ ಮುಖ ಸಣ್ಣದು ಮಾಡಿಕೊಂಡು ಬಂದು ನಿಂತರೆ ಮುಗಿಯಿತೇ? ಹೀಗೆ ಮಾತಾಡುತ್ತಿದ್ದವಳಿಗೇ ಇದು ಆಯಿತು. ನಂಬಿ ಎಂದು ನಿಮಗೆ ಹೇಳುವ ಮುಖ ನನಗಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಡಾಟ್‌ಕಾಮ್ ಭರಾಟೆಯ ಕಾಲ. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನ ಒಂದು ಸಣ್ಣ ಕಂಪನಿಯಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟಿಂಗು ಮಾಡುತ್ತಿದ್ದೆ. ಬಾಡಿಗೆಗೆ ಮನೆ ಸಿಕ್ಕರೆ ಪುಣ್ಯ ಎನ್ನುವಂಥ ದಿನಗಳು, ಹಾಗಾಗಿ ಜಯಂತಿ ಎನ್ನುವವಳ ಜೊತೆ ಒಂದು ಅಪಾರ್ಟ್‌ಮೆಂಟು ಹಂಚಿಕೊಂಡಿದ್ದೆ. ಅವಳು ಮಂಗಳೂರಿನ ಕಡಲ ಬದಿಯವಳು. ನಾನು ಮೈಸೂರಿನವಳು, ಈರುಳ್ಳಿ ಹೆಚ್ಚಿದ ಚಾಕುವನ್ನೂ ಬೇರೆ ಇಡುವ ಮನೆಯಲ್ಲಿ ಬೆಳೆದವಳು. ಅಸಹ್ಯ ನನಗೆ ಬಹಳ ಬೇಗ ಆಗುತ್ತದೆ. ಆಫೀಸಿನ ಮೀಟಿಂಗು ರೂಮಿನಲ್ಲಿ ನಿನ್ನೆಯ ಪಿಜ್ಜಾ ಡಬ್ಬಿ ಕಂಡರೆ ಸಾಕು, ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ.

ಆ ವರ್ಷ ಬೇಸಗೆಗೆ ಮೊದಲು ಜಯಂತಿಯ ಅಮ್ಮ ತೀರಿಕೊಂಡರು. ಅವಳು ಊರಿಗೆ ಹೋಗಿ, ಕಾರ್ಯ ಮುಗಿಸಿ, ವಾಪಸು ಬರುವಾಗ ಒಂದು ಹಳೆಯ ಹಾಲಿನ ಪುಡಿಯ ಡಬ್ಬಿ ತಂದಳು. ಒಳಗೆ ಒಣ ಸಿಗಡಿಯ ಚಟ್ನಿಪುಡಿ. ಅವಳ ಅಮ್ಮ ಸಾಯುವ ವಾರ ಮೊದಲು ಮಗಳಿಗೆಂದು ಮಾಡಿಟ್ಟಿದ್ದಂತೆ. ಅವಳು ಅದನ್ನು ತಿನ್ನುತ್ತಲೂ ಇರಲಿಲ್ಲ. ಭಾನುವಾರ ಬೆಳಗ್ಗೆ ಮುಚ್ಚಳ ತೆಗೆದು, ಕಣ್ಣು ಮುಚ್ಚಿಕೊಂಡು ಒಂದು ಸಲ ಮೂಸಿ, ಮತ್ತೆ ಮುಚ್ಚಿಡುತ್ತಿದ್ದಳು. ಅಷ್ಟಕ್ಕೇ ಅಡುಗೆಮನೆಯೆಲ್ಲ ನಾರಿ, ಮೂರು ದಿನ ನನಗೆ ಕಾಫಿ ಕುಡಿಯಲೂ ಆಗುತ್ತಿರಲಿಲ್ಲ.

ಎದುರಿಗೆ ನಾನು ಒಂದು ಮಾತೂ ಆಡಲಿಲ್ಲ. ಅವಳು ಆಫೀಸಿಗೆ ಹೋಗಿದ್ದ ಒಂದು ದಿನ ಕೈಗೆ ಗ್ಲೌಸು ಹಾಕಿಕೊಂಡು ಆ ಪುಡಿಯನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಗಂಟು ಬಿಗಿದು, ಕೆಳಗಿನ ಕಸದ ತೊಟ್ಟಿಗೆ ಹಾಕಿ ಬಂದೆ. ಡಬ್ಬಿಯನ್ನು ಮೂರು ಸಲ ಸೋಪು ಹಾಕಿ ತೊಳೆದು ರೀಸೈಕಲ್ ಬುಟ್ಟಿಯಲ್ಲಿಟ್ಟೆ. ಡಬ್ಬಿ ಹಾಳಾಗಬಾರದು ಎನ್ನುವ ಜವಾಬ್ದಾರಿ ನೋಡಿ. ಸಂಜೆ ಅವಳಿಗೆ, ಅಪಾರ್ಟ್‌ಮೆಂಟು ಆಫೀಸಿನವರು ಜಿರಲೆ ಔಷಧಿ ಹೊಡೆಯಲು ಬಂದಿದ್ದರು, ತೆರೆದ ಡಬ್ಬಿಗಳನ್ನೆಲ್ಲ ಎಸೆದುಬಿಟ್ಟರು ಎಂದೆ. ಅವಳ ಜೊತೆ ಸೇರಿಕೊಂಡು ಅವರನ್ನು ಬೈದೆ ಕೂಡ. ಅವಳು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. "ಅವ್ರಿಗೆ ಎಂತ ಗೊತ್ತು, ಪಾಪ" ಎಂದಳು. ಮುಂದಿನ ತಿಂಗಳು ಆ ಮನೆಯೇ ಬೇಡವೆನಿಸಿ ಕೊಲ್ಲಿಯ ಆಚೆ ದಡದ ನೆವಾರ್ಕ್‌ಗೆ ಹೋದಳು. ನಾನು ಕಿಟಕಿ ತೆರೆದಿಟ್ಟು ನೆಮ್ಮದಿಯಾಗಿ ಕಾಫಿ ಕುಡಿದೆ.

ಶರತ್ಕಾಲ ಬಂತು. ನನ್ನ ಮ್ಯಾನೇಜರು ರೂತ್ ಐವತ್ತರ ಆಸುಪಾಸಿನ ಯಹೂದಿ ಹೆಂಗಸು, ಲಾಸ್ ಆಲ್ಟೋಸ್‌ನಲ್ಲಿ ತಾಯಿಯ ಜೊತೆ ಇದ್ದಳು. ಅವರ ಪ್ರಾಯಶ್ಚಿತ್ತದ ದಿನಕ್ಕೆ, ಅಂದರೆ ಯೋಮ್ ಕಿಪ್ಪುರ್‌ಗೆ, ಒಂದು ವಾರವಿದೆ ಎನ್ನುವಾಗ ಅವಳು ಆಫೀಸಿನಲ್ಲಿ ಒಬ್ಬೊಬ್ಬರ ಹತ್ತಿರವೂ ಹೋಗಿ, "ಈ ವರ್ಷ ನಿನಗೆ ನೋವು ಮಾಡಿದ್ದರೆ ಕ್ಷಮಿಸು" ಎಂದು ಕೇಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಬಾಯಿ ಸುಮ್ಮನಿರಲಿಲ್ಲ, ದೇವಸ್ಥಾನಕ್ಕೆ ಹೋಗಿ ತೊಳೆದುಕೊಂಡರೆ ಸಾಲದೇ, ನಮ್ಮನ್ನೇಕೆ ಎಳೆಯುತ್ತೀ ಎಂದೆ. ಅವಳು ಬೇಸರಿಸಲಿಲ್ಲ. "ದೇವರಿಗೆ ಮಾಡಿದ ತಪ್ಪನ್ನು ಆ ದಿನ ತೊಳೆಯುತ್ತೆ. ಮನುಷ್ಯರಿಗೆ ಮಾಡಿದ್ದನ್ನು ತೊಳೆಯಲ್ಲ. ಅದಕ್ಕೆ ಆ ಮನುಷ್ಯರ ಮುಂದೆಯೇ ಹೋಗಿ ನಿಲ್ಲಬೇಕು" ಎಂದಳು. ಇಪ್ಪತ್ತೈದು ಗಂಟೆ ನೀರೂ ಇಲ್ಲದ ಉಪವಾಸ ಎಂದೂ ಹೇಳಿದಳು. ಏಕಾದಶಿಗೆ ತೊಟ್ಟು ನೀರು ಮುಟ್ಟದ ಅಜ್ಜಿಯ ಮೊಮ್ಮಗಳು ನಾನು, ನಮಗೆ ಉಪವಾಸ ಹೇಳಿಕೊಡಬೇಡ ಎಂದೆ. "ಹಾಗಾದರೆ ಬಾ" ಎಂದಳು. ಹಟಕ್ಕೆ ಹೋದೆ, ಭಕ್ತಿಗಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಅವರ ಪ್ರಾರ್ಥನಾ ಮಂದಿರದಲ್ಲಿ ನನಗೆ ಸಾಕುಸಾಕಾಗಿತ್ತು. ಆ ದಿನ ಚರ್ಮದ ಚಪ್ಪಲಿ ಮೆಟ್ಟುವಂತಿಲ್ಲ. ಬಿಳಿ ಸೂಟು ಹಾಕಿದ ದೊಡ್ಡಮನುಷ್ಯರೆಲ್ಲ ಬಟ್ಟೆಯ ಶೂನಲ್ಲಿ ನಿಂತಿದ್ದರು. ಮುಚ್ಚಿದ ಸಭಾಂಗಣ, ಹಿಂದಿನ ಸಂಜೆಯಿಂದ ನೀರು ಕಾಣದ ನೂರಾರು ಬಾಯಿಗಳ ಉಸಿರು. ಎದೆಗೆ ಮುಷ್ಟಿಯಿಂದ ಬಡಿದುಕೊಳ್ಳುತ್ತ ಎಲ್ಲರೂ ಒಟ್ಟಿಗೆ ಪಾಪಗಳ ಪಟ್ಟಿ ಓದುತ್ತಿದ್ದರು. ಪಕ್ಕದ ಪುಟದ ಇಂಗ್ಲಿಷಿನಲ್ಲಿ ನೋಡಿದರೆ ಎಲ್ಲವೂ "ನಾವು": ನಾವು ಸುಳ್ಳು ಹೇಳಿದೆವು, ನಾವು ಮೋಸ ಮಾಡಿದೆವು. ಯಾರೊಬ್ಬರ ತಲೆಗೂ ಕಟ್ಟದ ಈ ಉಪಾಯ ಚೆನ್ನಾಗಿದೆ ಎಂದು ಒಳಗೇ ಹಲ್ಲು ಕಡಿದೆ.

ರೂತ್‌ಳ ತಾಯಿ ಹನ್ನಾ ನನ್ನ ಪಕ್ಕ ಕೂತಿದ್ದರು. ಎಂಬತ್ತು ದಾಟಿದ್ದರು. ಹತ್ತು ವರ್ಷದ ಹಿಂದೆ ಒಂದು ಜ್ವರ ಬಂದು ಮೂಗಿಗೆ ವಾಸನೆ ತಿಳಿಯುವುದೇ ಹೋಗಿತ್ತು, ಒಡೆದ ಹಾಲು ಯಾವುದು, ಒಳ್ಳೆಯದು ಯಾವುದು ಎಂದು ರೂತ್ ಮೂಸಿ ಹೇಳಬೇಕಿತ್ತು. ಅವರು ಹುಟ್ಟಿದ ಊರಿನ ಪದ್ಧತಿಯಂತೆ ಹಿತ್ತಿಲ ಗಿಡದ ಒಂದು ದಪ್ಪ ನಿಂಬೆಹಣ್ಣಿಗೆ ಮೈತುಂಬ ಲವಂಗ ಚುಚ್ಚಿ ತಂದಿದ್ದರು. ಉಪವಾಸದಲ್ಲಿ ತಲೆ ಸುತ್ತಿದರೆ ಅದನ್ನು ಮೂಸಿ ಚೇತರಿಸಿಕೊಳ್ಳುವುದು. ಹಣ್ಣು ಆ ಸಾಲಿನಲ್ಲಿ ಕೈಯಿಂದ ಕೈಗೆ ದಾಟುತ್ತ ಬಂತು. ರೂತ್ ಮೂಸಿ, "ಆಹಾ" ಎಂದು ನನಗೆ ಕೊಟ್ಟಳು. ಏನನ್ನಾದರೂ ಚುಚ್ಚಿದ ನಿಂಬೆಹಣ್ಣನ್ನು ನಮ್ಮ ಕಡೆ ಮುಟ್ಟುವುದಿಲ್ಲ ಎಂದು ಹೇಳಲು ನಾಚಿಕೆಯಾಗಿ, ಮೂಗಿನ ಹತ್ತಿರ ಹಿಡಿದೆ.

ಜಯಂತಿಯ ಡಬ್ಬಿಯ ನಾತ. ಸಂದೇಹವೇ ಇಲ್ಲ, ಅದೇ. ಬಾಯಿಗೆ ಸೆರಗು, ಅಂದರೆ ದುಪಟ್ಟಾ, ಒತ್ತಿ ಹಿಡಿದು ಹಣ್ಣನ್ನು ಹನ್ನಾ ಅವರ ಮಡಿಲಿಗೆ ಹಾಕಿದೆ. ಹಸಿವಿಗೆ ನನಗೇನೋ ಆಗಿದೆ ಎಂದುಕೊಂಡೆ. ಹನ್ನಾ ಅಭ್ಯಾಸಬಲದಿಂದ ಅದನ್ನು ಎತ್ತಿ ಮೂಗಿಗೆ ಹಿಡಿದರು. ಅವರ ಕೈ ಅಲ್ಲೇ ನಿಂತಿತು. ನಿಧಾನಕ್ಕೆ ನನ್ನ ಕಡೆ ತಿರುಗಿ, "ಇದೇನಿದು, ಕಡಲಿನದು ಏನೋ ಒಣಗಿಸಿದ್ದು" ಎಂದರು. ಮತ್ತೊಮ್ಮೆ ಮೂಸಿ, "ಖಾರ ಹಾಕಿದ್ದಾರೆ" ಎಂದರು. ರೂತ್ ಹಣ್ಣನ್ನು ಕಿತ್ತುಕೊಂಡು ಮೂಸಿದಳು. "ಲವಂಗ, ಅಮ್ಮ" ಎಂದಳು. ಸಂಜೆ ಟಗರಿನ ಕೊಂಬು ಊದಿ ಉಪವಾಸ ಮುಗಿದಾಗ ಹನ್ನಾ ಅವರನ್ನು ಕೇಳಿದೆ. "ನಾನು ಏನೂ ಹೇಳಿದ ನೆನಪಿಲ್ಲ, ನನ್ನ ಮೂಗು ಸತ್ತು ಎಷ್ಟೋ ಕಾಲವಾಯಿತಲ್ಲ ಮಗಳೇ" ಎಂದರು.

ಆಮೇಲೆ ಮೂರು ದಿನ ಅನ್ನ, ಮೊಸರು, ಬ್ರೆಡ್ಡು, ಯಾವುದನ್ನು ಬಾಯ ಹತ್ತಿರ ತಂದರೂ ಅದೇ ನಾತ. ಡಾಕ್ಟರು ನೋಡಿ ಮೂಗು ಸರಿಯಾಗಿಯೇ ಇದೆ ಎಂದರು. ನಾಲ್ಕನೇ ದಿನ ನೆವಾರ್ಕ್‌ಗೆ ಹೋದೆ. ಪಶ್ಚಾತ್ತಾಪದಿಂದ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಹಸಿವಾಗಿತ್ತು, ಅಷ್ಟೇ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಜಯಂತಿ ಒಳಗೆ ಕರೆದು ಚಹಾ ಇಟ್ಟಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ, ಗ್ಲೌಸು, ಗಂಟು, ಸೋಪು, ಜಿರಲೆ ಔಷಧಿಯ ಸುಳ್ಳು, ಎಲ್ಲ. ಕ್ಷಮಿಸು ಎಂದೆ. ಅವಳು ಒಲೆ ಆರಿಸಿದಳು.

"ಮುಚ್ಚಳ ತೆಗ್ದು ಬಿಸಾಡಿದ್ದಾ?" ಎಂದಳು.

ಹೌದು ಎಂದೆ.

"ಹಾಗಾದ್ರೆ ಕಡೆಗೆ ಅದ್ರ ಪರಿಮಳ ತಗೊಂಡದ್ದು ನೀನು. ಹೇಗಿತ್ತು ಹೇಳು ಮಾರಾಯ್ತಿ. ನಂಗೆ ಮರ್ತು ಹೋಗ್ತಾ ಉಂಟು."

"ನಾತ ಅನ್ನಿಸ್ತು ಕಣೇ. ನಾನು ಉಸಿರು ಹಿಡ್ಕೊಂಡಿದ್ದೆ" ಎಂದೆ.

ಅವಳು ಬಾಗಿಲು ತೆಗೆದು, "ಸರಿಯಾಗಿ ಹೇಳ್ಲಿಕ್ಕೆ ಬಂದ ದಿನ ಫೋನ್ ಮಾಡು" ಎಂದಳು. ದಾರಿಯಲ್ಲಿ ಒಂದು ಅಂಗಡಿಯಲ್ಲಿ ಬನ್ನು ಕೊಂಡು ಕಾರಿನಲ್ಲೇ ಕೂತು ತಿಂದೆ. ಅದು ಬರೀ ಬನ್ನಿನ ಹಾಗೇ ಇತ್ತು. ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಮುಂದಿನ ವರ್ಷ ನನ್ನ ಕಂಪನಿ ಮುಚ್ಚಿತ್ತು, ರೂತ್‌ಳ ಸಂಪರ್ಕವೂ ತಪ್ಪಿತ್ತು. ಒಂದು ಮಧ್ಯಾಹ್ನ ಹೊಟ್ಟೆ ತುಂಬ ಮೊಸರನ್ನ ಉಂಡು ಕೂತಿದ್ದಾಗ ಆ ನಾತ ಬಂತು. ಕ್ಯಾಲೆಂಡರು ನೋಡಿದರೆ ಆವತ್ತೇ ಅವರ ಆ ಪ್ರಾಯಶ್ಚಿತ್ತದ ದಿನ. ಅವರ ತಿಥಿ ನಮ್ಮ ಹಬ್ಬಗಳ ಹಾಗೆ ವರ್ಷವರ್ಷವೂ ಹಿಂದೆಮುಂದೆ ಸರಿಯುತ್ತದೆ, ನಾನು ಲೆಕ್ಕ ಇಟ್ಟವಳೂ ಅಲ್ಲ. ಆದರೂ ಅಂದಿನಿಂದ ಒಂದು ವರ್ಷವೂ ತಪ್ಪಿಲ್ಲ. ಮೊದಲು ನಾತ ಬರುತ್ತದೆ, ಆಮೇಲೆ ನಾನು ಕ್ಯಾಲೆಂಡರು ನೋಡುತ್ತೇನೆ. ಹಸಿವು ಎನ್ನೋಣವೆಂದರೆ ನಾನೀಗ ಉಪವಾಸ ಮಾಡುವುದಿಲ್ಲ. ಮನಸ್ಸಿನ ಭ್ರಮೆ ಎನ್ನೋಣವೆಂದರೆ ಮೂಗು ಸತ್ತ ಆ ಮುದುಕಿ "ಖಾರ ಹಾಕಿದ್ದಾರೆ" ಎಂದದ್ದಕ್ಕೆ ಏನು ಹೇಳಲಿ? ನನಗೆ ಗೊತ್ತಿಲ್ಲ.

ಗೊತ್ತಿರುವುದು ಇಷ್ಟೇ. ಅದು ಬಂದ ಕೂಡಲೇ ಜಯಂತಿಗೆ ಫೋನು ಮಾಡುತ್ತೇನೆ. ಈಗ ಉಸಿರು ಹಿಡಿಯುವುದಿಲ್ಲ, ಎದೆ ತುಂಬ ಎಳೆದುಕೊಳ್ಳುತ್ತೇನೆ. ಮೊದಲು ಹುರಿದ ಮೆಣಸಿನಕಾಯಿ ಎನ್ನುತ್ತೇನೆ, ಆಮೇಲೆ ಹುಣಸೆ, ಆಮೇಲೆ ಉಪ್ಪು, ಬಿಸಿಲಲ್ಲಿ ಒಣಗಿದ ಸಿಗಡಿ, ಕಡೆಗೆ ಸ್ವಲ್ಪ ಸೀದ ಕೊಬ್ಬರಿ. "ಹಾಂ, ಅಮ್ಮ ಕೊಬ್ಬರಿ ಯಾವಾಗ್ಲೂ ಸ್ವಲ್ಪ ಜಾಸ್ತಿಯೇ ಹುರೀತಿದ್ರು" ಎಂದು ಒಮ್ಮೆ ಹೇಳಿದ್ದಳು. ಕೊಬ್ಬರಿಯ ವಿಷಯ ನನಗೆ ಅವಳು ಅದಕ್ಕೆ ಮೊದಲು ಹೇಳಿರಲಿಲ್ಲ. ಕ್ಷಮಿಸಿದ್ದೇನೆ ಎಂದು ಅವಳು ಇವತ್ತಿಗೂ ಅಂದಿಲ್ಲ, ನಾನೂ ಮತ್ತೆ ಕೇಳಿಲ್ಲ. ಕೊಬ್ಬರಿಯವರೆಗೆ ಕೇಳಿಸಿಕೊಂಡು, "ಸಾಕು, ಇಡ್ತೇನೆ" ಎನ್ನುತ್ತಾಳೆ. ಆಮೇಲೆ ನಾನು ಬಚ್ಚಲಿಗೆ ಹೋಗಿ ವಾಂತಿ ಮಾಡುತ್ತೇನೆ.