ಹನ್ನೆರಡು ಮುದ್ರೆಯ ಕಾಗದ

ಸಭೆ ನಡೆಯುವ ಮೊದಲೇ ಅದರ ನಡಾವಳಿಯನ್ನು ಟೈಪ್ ಮಾಡಿಡುವ ಕೆಲಸ ನನ್ನದಾಗಿತ್ತು ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಬಹರೈನಿನಲ್ಲಿ ವ್ಯಾಪಾರ ಮಾಡುವ ಹನ್ನೆರಡು ಜಪಾನಿ ಕಂಪೆನಿಗಳು ಸೇರಿ ಕಟ್ಟಿಕೊಂಡ ಸಣ್ಣ ಸಂಘ ಅದು. ಅದ್ಲಿಯಾದಲ್ಲಿ ಒಂದು ರೆಸ್ಟೋರೆಂಟಿನ ಮೇಲೆ ಎರಡು ಕೋಣೆಯ ಆಫೀಸು, ಒಬ್ಬನೇ ನೌಕರ. ಹೊಸ ಕಂಪೆನಿಯವರಿಗೆ ಕಸ್ಟಮ್ಸಿನ ದಾರಿ ತೋರಿಸುವುದು, ಹನ್ನೆರಡೂ ಮಂದಿಯ ಪರವಾಗಿ ಸಚಿವಾಲಯಕ್ಕೆ ಒಂದೇ ಪತ್ರ ಬರೆಯುವುದು, ವರ್ಷಕ್ಕೊಮ್ಮೆ ಗಾಲ್ಫ್ ಇಡುವುದು, ಎಲ್ಲ ನಾನೇ.

ಆ ಸಂಘದಲ್ಲಿ ಸಭೆಯೆಂದರೆ ಯಾರೂ ಬಾಯಿ ಬಿಡದ ಜಾಗ. ಏನೇ ವಿಷಯವಿದ್ದರೂ ಮೊದಲು ಅದನ್ನೊಂದು ಕಾಗದದಲ್ಲಿ ಬರೆದು ಆಫೀಸಿನಿಂದ ಆಫೀಸಿಗೆ ಒಯ್ಯಬೇಕು. ಪ್ರತಿಯೊಬ್ಬರೂ ಓದಿ, ಸಂಶಯ ಕೇಳಿ, ತಮ್ಮ ಹೆಸರಿನ ಪುಟ್ಟ ಕೆಂಪು ಮುದ್ರೆ ಒತ್ತಬೇಕು. ಹನ್ನೆರಡೂ ಬಿದ್ದ ಮೇಲೆಯೇ ಸಭೆ. ಅಧ್ಯಕ್ಷರು ಓದುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ, ಹತ್ತು ನಿಮಿಷದಲ್ಲಿ ಖಲಾಸ್. ನಮ್ಮ ಊರಿನವರ ಸಂಘದಲ್ಲಾದರೆ ಪಾಯಸ ಹೆಸರುಬೇಳೆಯದೋ ಕಡಲೆಬೇಳೆಯದೋ ಎಂಬಷ್ಟಕ್ಕೇ ಇಬ್ಬರು ಒಂದು ಮೈಕನ್ನು ಎಳೆದಾಡುತ್ತಾರೆ, ಮೂರನೆಯವನು ರಾಜೀನಾಮೆ ಕೊಡುತ್ತಾನೆ.

ಹದಿನೆಂಟು ವರ್ಷ ಹೀಗೆ ಕಾಗದ ಹೊತ್ತೆ. ಆಮೇಲೆ ಒಂದು ಅಕ್ಟೋಬರಿನಲ್ಲಿ ಅಧ್ಯಕ್ಷರು ಕೊಟ್ಟ ಕರಡನ್ನು ಟೈಪ್ ಮಾಡುತ್ತಿದ್ದೆ. ಇಲ್ಲಿನ ಆಫೀಸನ್ನು ಡಿಸೆಂಬರ್ ಕೊನೆಗೆ ಮುಚ್ಚಿ ದುಬೈ ಸಂಘದೊಡನೆ ಸೇರುವುದು ಎಂದಿತ್ತು. ಐದನೆಯ ಸಾಲು: ‘ಸಿಬ್ಬಂದಿ ಒಬ್ಬರು. ಸೇವೆ ಮುಕ್ತಾಯ.’ ಆ ಒಬ್ಬರು ನಾನು. ಕಾಗುಣಿತ ಸರಿಯಿದೆಯೇ ಎಂದು ಎರಡು ಸಲ ನೋಡಿದೆ ಬೇರೆ!

ಕೆಲಸ ಹೋದರೆ ಹೋಗಲಿ, ಎಲ್ಲಿಯಾದರೂ ಬದುಕಬಹುದು. ಆದರೆ ನನ್ನ ವೀಸಾ ಸಂಘದ ಹೆಸರಿನಲ್ಲಿತ್ತು, ಹೆಂಡತಿ ಮಗಳ ವೀಸಾ ನನ್ನ ಹೆಸರಿನಲ್ಲಿ. ಮಗಳು ಹನ್ನೆರಡನೆಯ ತರಗತಿ, ಪರೀಕ್ಷೆ ಮುಗಿಯುವುದು ಮಾರ್ಚಿನಲ್ಲಿ. ಡಿಸೆಂಬರಿನಲ್ಲಿ ಗಂಟುಮೂಟೆ ಕಟ್ಟಿದರೆ ನಡುವರ್ಷದಲ್ಲಿ ಅವಳನ್ನು ಊರಿನ ಯಾವ ಶಾಲೆ ಸೇರಿಸಿಕೊಳ್ಳುತ್ತದೆ?

ಅರಾದ್ ಬಡಾವಣೆಯ ನಮ್ಮ ಮನೆಯಲ್ಲಿ ಸಂಗತಿ ಹೇಳಿದೆ. ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ಎಂಥದು ಮಾರಾಯ್ರೇ, ಆ ಕಾಗದ ಹಿಡ್ಕೊಂಡು ನೀವೇ ಹೋಗುದಾ? ನೀವು ಸತ್ತ ಬೊಜ್ಜದ ಊಟಕ್ಕೆ ನೀವೇ ಹೇಳಿಕೆ ಹೇಳ್ಲಿಕ್ಕೆ ಹೊರಟ ಹಾಗಾಯ್ತು!”

“ಪಪ್ಪಾ, ಜಸ್ಟ್ ಟಾಕ್ ಟು ದೆಮ್,” ಎಂದಳು ಮಗಳು, ಪುಸ್ತಕದಿಂದ ತಲೆಯೆತ್ತದೆ.

ಮಾತಾಡಬೇಕೆಂದೇ ಹೊರಟೆ. ಪ್ರತಿ ಲಿಫ್ಟಿನಲ್ಲೂ ಭಾಷಣ ಬಾಯಿಪಾಠ ಮಾಡಿಕೊಂಡು ಒಳಗೆ ಹೋಗುವುದು, ಟೀ ಕುಡಿಯುವುದು, “ಥ್ಯಾಂಕ್ಯೂ ಸರ್” ಎಂದು ಹೊರಗೆ ಬರುವುದು. ಒಬ್ಬರು ಟೈಪಿಂಗ್ ಬಹಳ ಅಚ್ಚುಕಟ್ಟಾಗಿದೆ ಎಂದು ಮೆಚ್ಚಿದರು. ಇನ್ನೊಬ್ಬರ ಶಾಯಿಪ್ಯಾಡ್ ಒಣಗಿಹೋಗಿತ್ತು. ಅವರು ಮುದ್ರೆ ಹಿಡಿದು ಪೇಚಾಡುವುದನ್ನು ನೋಡಲಾರದೆ ನಾನೇ ಬಿಸಿಲಲ್ಲಿ ಓಡಿ ಪಕ್ಕದ ಅಂಗಡಿಯಿಂದ ಹೊಸ ಪ್ಯಾಡ್ ತಂದುಕೊಟ್ಟೆ. ನನ್ನಂಥ ಪೆದ್ದ ಇನ್ನೊಬ್ಬ ಇದ್ದರೆ ತೋರಿಸಿ. ಹೀಗೆ ಹನ್ನೊಂದು ಮುದ್ರೆ ಬಿದ್ದವು.

ಹನ್ನೆರಡನೆಯವರು ಮುಹರ್ರಕ್ಕಿನಲ್ಲಿ ದೋಣಿಯ ಇಂಜಿನಿನ ಬಿಡಿಭಾಗ ಮಾರುವ ಮುದುಕರು, ಸಂಘದಲ್ಲೇ ಹಿರಿಯರು. ಕಾಗದವನ್ನು ಎರಡು ಸಲ ಓದಿದರು.

“ಸಂಬಂಧಪಟ್ಟವರನ್ನೆಲ್ಲ ಕೇಳಿ ಆಯಿತೇ?” ಎಂದರು ಇಂಗ್ಲಿಷಿನಲ್ಲಿ.

“ಆಯಿತು ಸರ್. ಹನ್ನೊಂದು ಮಂದಿಯೂ ಒಪ್ಪಿದ್ದಾರೆ.”

ಅವರು ಐದನೆಯ ಸಾಲಿನ ಮೇಲೆ ಬೆರಳಿಟ್ಟರು. “ಇವರು ಏನೆಂದರು?”

‘ಇವರು’ ಯಾರು ಎಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. “ಅದು... ನಾನೇ ಸರ್.”

“ಗೊತ್ತು. ಏನೆಂದಿರಿ?”

“ಯಾರೂ ಕೇಳಲಿಲ್ಲ ಸರ್!”

ಅಷ್ಟು ಹೇಳಿದ್ದೇ ತಡ, ಹದಿನೆಂಟು ವರ್ಷ ಕಟ್ಟಿಟ್ಟ ಬಾಯಿ ಬಿಚ್ಚಿಕೊಂಡಿತು. ಮಗಳು, ಮಾರ್ಚ್, ವೀಸಾ, ಶಾಲೆ, ಎಲ್ಲ ಹೊರಗೆ ಬಂತು. ಇಂಗ್ಲಿಷ್ ಸಾಲದೆ ಹಿಂದಿ, ಹಿಂದಿ ಸಾಲದೆ ಕೊನೆಗೆ ತುಳು. ಕೈ ಕೂಡ ಬೀಸಿದೆನೆಂದು ಕಾಣುತ್ತದೆ, ಟೀ ಲೋಟ ಉರುಳಿತು. ಮುದುಕರು ಕಾಗದವನ್ನು ಮಾತ್ರ ಎತ್ತಿ ಹಿಡಿದು ಕೊನೆಯವರೆಗೂ ಕೇಳಿದರು. ಆಮೇಲೆ ಮುದ್ರೆಯನ್ನು ಡಬ್ಬಿಯೊಳಗೆ ವಾಪಸು ಇಟ್ಟರು.

“ಕೆಲಸ ಪೂರ್ತಿಯಾಗಿಲ್ಲ. ಒಬ್ಬರನ್ನು ಬಿಟ್ಟಿದ್ದೀರಿ,” ಎಂದು ನನಗೇ ಹೇಳಿ, ಅಧ್ಯಕ್ಷರಿಗೆ ಫೋನು ಮಾಡಿದರು.

ಮರುದಿನ ಅಧ್ಯಕ್ಷರು ಕೋಟು ಹಾಕಿಕೊಂಡು ನನ್ನ ಕೋಣೆಗೆ ಬಂದು ತೆರೆದ ಬಾಗಿಲನ್ನೇ ತಟ್ಟಿದರು. ಎದುರಿನ ಕುರ್ಚಿಯಲ್ಲಿ ಕೂತರು. ನಾನೇ ಟೀ ಮಾಡಿಕೊಟ್ಟೆ. ಎರಡೂ ಕೈಯಿಂದ ಕಾಗದ ನನ್ನ ಮುಂದಿಟ್ಟು, “ನಿಮ್ಮ ಅಭಿಪ್ರಾಯ ಕೇಳುವುದು ಬಿಟ್ಟುಹೋಯಿತು, ಕ್ಷಮಿಸಬೇಕು,” ಎಂದು ತಲೆಬಾಗಿದರು. ನಾನು ಗಡಿಬಿಡಿಯಲ್ಲಿ ಎದ್ದು ಬಾಗಿದೆ. ಅವರು ಇನ್ನೂ ಸ್ವಲ್ಪ ಬಾಗಿದರು. ನಾನೂ ಬಾಗಿದೆ, ಹಣೆ ಕಂಪ್ಯೂಟರಿಗೆ ಬಡಿಯಿತು.

ಮಗಳ ಪರೀಕ್ಷೆಯ ವಿಷಯ ಹೇಳಿದೆ. ಅವರು ಪೆನ್ನು ತೆಗೆದು ‘ಡಿಸೆಂಬರ್’ ಹೊಡೆದುಹಾಕಿ ‘ಏಪ್ರಿಲ್’ ಎಂದು ಬರೆದರು. ಅಷ್ಟೇ. ನಾನು ಮೂರು ವಾರ ನಿದ್ದೆಗೆಟ್ಟದ್ದು ಆ ಒಂದು ಗೀಟಿಗೆ.

“ಬೇರೆ ಏನಾದರೂ ಇದೆಯೇ?” ಎಂದು ಕೇಳಿ, ಪೆನ್ನಿನ ಮುಚ್ಚಳ ಹಾಕದೆ ಕಾದರು.

“ಇಲ್ಲ ಸರ್,” ಎಂದೆ.

ಶಾಯಿಪ್ಯಾಡನ್ನು ನನ್ನತ್ತ ಸರಿಸಿದರು. ನನಗೆಲ್ಲಿಯ ಮುದ್ರೆ? ಡ್ರಾಯರಿನಲ್ಲಿದ್ದದ್ದು ಟಪ್ಪಾಲಿಗೆ ಹೊಡೆಯುವ ‘ಸ್ವೀಕರಿಸಲಾಗಿದೆ’ ಎಂಬ ರಬ್ಬರ್ ಸ್ಟಾಂಪ್ ಒಂದೇ. ಅದನ್ನೇ ಒತ್ತಿದೆ. ಅಧ್ಯಕ್ಷರು ನಗಲಿಲ್ಲ. ಉಳಿದವರ ಮುದ್ರೆಯಷ್ಟೇ ಗೌರವದಿಂದ ನೋಡಿ, ಶಾಯಿ ಒಣಗಲೆಂದು ಮೆಲ್ಲಗೆ ಊದಿದರು. ತಿದ್ದಿದ ಕಾಗದಕ್ಕೆ ಹೊಸದಾಗಿ ಒಪ್ಪಿಗೆ ಬೇಕಲ್ಲ, ಮರುದಿನದಿಂದ ನಾನೇ ಮತ್ತೆ ಹನ್ನೆರಡು ಆಫೀಸು ಸುತ್ತಿದೆ.

ಏಪ್ರಿಲ್ ಎಂದು ಕೇಳಿ ಹೆಂಡತಿ “ಅಬ್ಬಾ ದೇವರೇ, ಬಚಾವ್!” ಎಂದು ದೀಪ ಹಚ್ಚಿದಳು. ಮಗಳು ಪುಸ್ತಕ ಬಿಟ್ಟು ಬಂದು ನನ್ನನ್ನು ತಬ್ಬಿಕೊಂಡಳು. ಊಟಕ್ಕೆ ಕೂತಾಗ ಹೆಂಡತಿ ಎಲ್ಲವನ್ನೂ ಇನ್ನೊಮ್ಮೆ ಹೇಳಿಸಿದಳು. ಅಧ್ಯಕ್ಷರು ‘ಬೇರೆ ಏನಾದರೂ’ ಎಂದಲ್ಲಿಗೆ ಬಡಿಸುವ ಕೈ ನಿಂತಿತು.

“ಅವರಾಗಿ ಕೇಳಿದ್ರಾ? ಪೆನ್ನು ಹಿಡ್ಕೊಂಡೇ?”

“ಹೂಂ.”

“ಆಫೀಸೇ ಮುಚ್ಚಬೇಡಿ ಅಂತ ಹೇಳ್ಲಿಲ್ವಾ ನೀವು?”

ಅನ್ನ ಕಲಸುತ್ತ ಕೂತೆ. ಸತ್ಯವಾಗಿ ಹೇಳುತ್ತೇನೆ, ಆ ಮಾತು ನನಗೆ ಹೊಳೆದಿರಲೇ ಇಲ್ಲ.